ಅಪಘಾತಕ್ಕೆ ಕಾಯದೆ ರಸ್ತೆಯನ್ನು ಪರೀಕ್ಷಿಸುವುದು ಹೇಗೆ?

ನಮ್ಮ ರಾಜ್ಯದ ಯಾವ ಠಾಣೆಗೆ ಹೋಗಿ ಅಪಘಾತದ ಎಫ್‌ಐಆರ್ ತೆಗೆದು ಓದಿದರೂ ಒಂದು ಸಾಲು ಹೆಚ್ಚುಕಡಿಮೆ ಇದ್ದೇ ಇರುತ್ತದೆ: ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು...’ ಮೊದಲು ಐಪಿಸಿ 279, 304ಎ ಕಲಮು ಹಾಕುತ್ತಿದ್ದರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281, 106 ಬಂದಿವೆ. ಸಾಲು ಅದೇ ಉಳಿದಿದೆ. ಪೊಲೀಸರನ್ನು ದೂರಲು ಇದನ್ನು ಹೇಳುತ್ತಿಲ್ಲ. ಕಾನೂನಿಗೆ ಒಬ್ಬ ಆರೋಪಿ ಬೇಕು, ಅದಕ್ಕೆ ಆ ಸಾಲು ಬೇಕು. ಆದರೆ ಆ ಸಾಲುಗಳೇ ಒಟ್ಟಾಗಿ ಮೇಲಕ್ಕೆ ಹೋಗಿ ಅಂಕಿಅಂಶ ಆಗುತ್ತವೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ 70ಕ್ಕಿಂತ ಜಾಸ್ತಿ ಸಾವಿಗೆ ಅತಿವೇಗ ಕಾರಣ ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಕಾರಣ ಸಿಕ್ಕಿತು, ಇನ್ನು ಡ್ರೈವರುಗಳಿಗೆ ಬುದ್ಧಿ ಹೇಳಿದರೆ ಸಾಕು ಅಂತ ನಾವೆಲ್ಲ ಅಲ್ಲಿಗೇ ನಿಲ್ಲುತ್ತೇವೆ.

ನಾನು ಕೇಳುವ ಪ್ರಶ್ನೆ ಬೇರೆ. ಅಲ್ಲೇ ಯಾಕೆ? ಒಬ್ಬ ಡ್ರೈವರ್ ಇದೇ ವೇಗದಲ್ಲಿ ನಲವತ್ತು ಕಿಲೋಮೀಟರ್ ಬಂದಿರುತ್ತಾನೆ. ಏನೂ ಆಗಿರುವುದಿಲ್ಲ. ಒಂದು ಕ್ರಾಸಿನಲ್ಲಿ ಆಗಿಬಿಡುತ್ತದೆ. ಹಿಂದಿನ ವರ್ಷ ಇನ್ನೊಬ್ಬನಿಗೂ ಅಲ್ಲೇ ಆಗಿತ್ತು. ಡ್ರೈವರ್ ಬದಲಾದ, ಗಾಡಿ ಬದಲಾಯಿತು, ಜಾಗ ಅದೇ. ಹಾಗಾದರೆ ಜಾಗವನ್ನೂ ವಿಚಾರಣೆ ಮಾಡಬೇಕು, ಅಲ್ವಾ? ಹೊಸ ರಸ್ತೆ ಕಟ್ಟುವುದರ ಬಗ್ಗೆ ಇವತ್ತು ಮಾತಾಡುವುದಿಲ್ಲ. ಈಗಾಗಲೇ ಇರುವ ರಸ್ತೆ, ಇರುವಷ್ಟೇ ಅಗಲ, ಪಕ್ಕದಲ್ಲಿ ಇರುವ ಮರ, ಅಂಗಡಿ, ಶಾಲೆ. ಇವುಗಳ ನಡುವೆ ಏನು ನೋಡಬೇಕು, ಏನು ಸರಿಮಾಡಬಹುದು ಅನ್ನುವುದಷ್ಟೇ ವಿಷಯ.

2022ರ ಸೆಪ್ಟೆಂಬರ್ 4 ನಿಮಗೆ ನೆನಪಿರಬಹುದು. ಉದ್ಯಮಿ ಸೈರಸ್ ಮಿಸ್ತ್ರಿ ಇದ್ದ ಕಾರು ಮುಂಬೈ–ಅಹಮದಾಬಾದ್ ಹೆದ್ದಾರಿಯಲ್ಲಿ, ಪಾಲ್ಘರ್ ಜಿಲ್ಲೆಯ ಸೂರ್ಯಾ ನದಿಯ ಸೇತುವೆಗೆ ಗುದ್ದಿತು. ಹಿಂದಿನ ಸೀಟಿನಲ್ಲಿದ್ದ ಇಬ್ಬರೂ ಸತ್ತರು. ಅವರು ಬೆಲ್ಟ್ ಹಾಕಿರಲಿಲ್ಲ. ಮುಂದೆ ಕೂತಿದ್ದ ಇಬ್ಬರು ಗಾಯಗೊಂಡರೂ ಬದುಕಿದರು. ಆಮೇಲೆ ದೇಶದ ತುಂಬ ಹಿಂದಿನ ಸೀಟಿನ ಬೆಲ್ಟ್ ಬಗ್ಗೆ ಚರ್ಚೆ ಆಯಿತು. ಆಗಬೇಕಾದದ್ದೇ. ಆದರೆ ಜಾಗ ನೋಡಲು ಹೋದ ತಜ್ಞರು ಇನ್ನೊಂದು ಮಾತು ಹೇಳಿದರು: ಅಲ್ಲಿ ಮೂರು ಲೇನ್ ಎರಡಾಗುತ್ತದೆ, ಸೇತುವೆಯ ತಡೆಗೋಡೆ ರಸ್ತೆಯ ಅಂಚಿನೊಳಗೆ ಚಾಚಿಕೊಂಡಿದೆ. ಎರಡೂ ನಿಜ. ಬೆಲ್ಟ್ ಹಾಕಿದ್ದರೆ ಅವರು ಬದುಕಿರುತ್ತಿದ್ದರೇನೋ. ಗೋಡೆ ಹಾಗೆ ಚಾಚಿಕೊಂಡಿರದಿದ್ದರೆ ಪೆಟ್ಟೇ ಆಗುತ್ತಿರಲಿಲ್ಲವೇನೋ. ಒಂದು ಕಾರಣ ಸಿಕ್ಕ ಕೂಡಲೇ ಇನ್ನೊಂದನ್ನು ಹುಡುಕುವುದು ಬಿಡಬಾರದು.

ಈಗ ವಿಧಾನಗಳಿಗೆ ಬರೋಣ. ಸರ್ಕಾರಕ್ಕೆ ಚೆನ್ನಾಗಿ ಗೊತ್ತಿರುವ ವಿಧಾನ ಬ್ಲಾಕ್ ಸ್ಪಾಟ್. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದ ಭಾಗವೊಂದನ್ನು ತೆಗೆದುಕೊಳ್ಳಿ. ಅಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯ ಆದ 5 ಅಪಘಾತ ನಡೆದಿರಬೇಕು, ಇಲ್ಲವೇ ಒಟ್ಟು 10 ಜನ ಸತ್ತಿರಬೇಕು. ಆಗ ಅದು ಬ್ಲಾಕ್ ಸ್ಪಾಟ್. ಪಟ್ಟಿಗೆ ಸೇರಿದರೆ ದುಡ್ಡು ಬರುತ್ತದೆ, ಕೆಲಸ ಆಗುತ್ತದೆ. ಇದರಿಂದ ನಿಜವಾಗಿ ಒಳ್ಳೆಯದಾದ ಜಾಗಗಳಿವೆ. ಈಗ ಐರ್‍ಯಾಡ್ ಅನ್ನುವ ಡೇಟಾಬೇಸ್ ಇದೆ. ಐಐಟಿ ಮದ್ರಾಸ್ ಮತ್ತು ಕೇಂದ್ರ ಸರ್ಕಾರದ ಕಂಪ್ಯೂಟರ್ ಕೆಲಸ ನೋಡುವ ಎನ್‌ಐಸಿ ಸೇರಿ ಮಾಡಿದ್ದು. ಪೊಲೀಸರು ಸ್ಥಳದಲ್ಲೇ ನಿಂತು ಮೊಬೈಲಿನಲ್ಲಿ ವಿವರ ತುಂಬುತ್ತಾರೆ, ಜಾಗದ ನಿಖರ ಗುರುತೂ ಸಿಗುತ್ತದೆ. ಮೊದಲು ‘ಇಂಥ ಗೇಟಿನಿಂದ ಸ್ವಲ್ಪ ಮುಂದೆ’ ಅಂತ ಬರೆದಿರುತ್ತಿದ್ದರು. ಆ ‘ಸ್ವಲ್ಪ ಮುಂದೆ’ ಎಷ್ಟು ಮೀಟರ್ ಅಂತ ಯಾವ ಎಂಜಿನಿಯರ್ ಕಂಡುಹಿಡಿಯಬೇಕು?

ಆದರೂ ಈ ವಿಧಾನದ ಒಳಗೇ ಒಂದು ಕ್ರೌರ್ಯ ಇದೆ. ಜಾಗ ಲೆಕ್ಕಕ್ಕೆ ಬರಬೇಕಾದರೆ ಅಷ್ಟು ಜನ ಸಾಯಲೇಬೇಕು, ಇಲ್ಲವೇ ತೀವ್ರವಾಗಿ ಗಾಯಗೊಳ್ಳಲೇಬೇಕು. ನಾಲ್ಕು ಅಪಘಾತ ಆದ ಜಾಗ ಪಟ್ಟಿಯ ಹೊರಗೆ ಉಳಿಯುತ್ತದೆ. ಇನ್ನೊಂದು ವಿಷಯ. ಹಳ್ಳಿಗಳನ್ನು ಸೇರಿಸುವ ರಸ್ತೆಗಳಲ್ಲಿ ಸಾವುಗಳು ಒಂದೇ ಕಡೆ ಗುಂಪಾಗಿ ಆಗುವುದಿಲ್ಲ. ಇಲ್ಲೊಂದು, ಎರಡು ಕಿಲೋಮೀಟರ್ ಆಚೆ ಇನ್ನೊಂದು. ಇಡೀ ರಸ್ತೆಯನ್ನು ಕೂಡಿಸಿ ನೋಡಿದರೆ ಭಯ ಆಗುತ್ತದೆ, 500 ಮೀಟರಿನ ಲೆಕ್ಕದಲ್ಲಿ ಏನೂ ಕಾಣುವುದಿಲ್ಲ. ಆದ್ದರಿಂದ ಅಪಘಾತದ ದಾಖಲೆ ಬೇಕೇಬೇಕು, ಆದರೆ ಅದೊಂದೇ ಸಾಲದು.

ಎರಡನೆಯ ವಿಧಾನ, ಹೋಗಿ ನೋಡುವುದು. ಇದಕ್ಕೆ ರಸ್ತೆ ಸುರಕ್ಷತಾ ಆಡಿಟ್ ಅಂತ ಹೆಸರು. 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ಶುರುವಾದದ್ದು. ನಮ್ಮಲ್ಲಿ ರಸ್ತೆಗಳಿಗೆ ಮಾನದಂಡ ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2010ರಲ್ಲಿ ಎಸ್‌ಪಿ 88 ಅನ್ನುವ ಕೈಪಿಡಿ ತಂದಿತು, 2019ರಲ್ಲಿ ಅದನ್ನು ಪರಿಷ್ಕರಿಸಿತು. ಅದರ ಮುಖ್ಯ ನಿಯಮ ಒಂದೇ: ರಸ್ತೆ ಮಾಡಿದವರು ಅದರ ಆಡಿಟ್ ಮಾಡಬಾರದು. ಹೊರಗಿನ ತಂಡ ಮಾಡಬೇಕು. ಮಾಡಿದವರಿಗೆ ರಸ್ತೆಯ ಹಿಂದಿನ ಕಷ್ಟಗಳೆಲ್ಲ ಗೊತ್ತಿರುತ್ತವೆ. ಅಲ್ಲಿ ಜಮೀನು ಸಿಗಲಿಲ್ಲ, ಇಲ್ಲಿ ಕರೆಂಟ್ ಕಂಬ ಸ್ಥಳಾಂತರ ಆಗಲಿಲ್ಲ, ಅದಕ್ಕೇ ಹೀಗಾಯಿತು ಅಂತ. ರಾತ್ರಿ ಮಳೆಯಲ್ಲಿ ಮೊದಲ ಸಲ ಆ ದಾರಿಯಲ್ಲಿ ಬರುವ ಬೈಕಿನವನಿಗೆ ಇದ್ಯಾವುದೂ ಗೊತ್ತಿಲ್ಲ. ಆಡಿಟ್ ಮಾಡುವವರು ಅವನ ಕಣ್ಣಲ್ಲಿ ನೋಡಬೇಕು.

ಯಾವಾಗ ನೋಡಬೇಕು ಅನ್ನುವುದು ಏನು ನೋಡಬೇಕು ಅನ್ನುವಷ್ಟೇ ಮುಖ್ಯ. ಬೆಳಿಗ್ಗೆ ಹನ್ನೊಂದಕ್ಕೆ ಜೀಪಿನಲ್ಲಿ ಒಂದು ಸುತ್ತು ಹಾಕಿದರೆ ಎಲ್ಲ ರಸ್ತೆಯೂ ಚೆನ್ನಾಗೇ ಕಾಣುತ್ತದೆ. ಶಾಲೆ ಬಿಡುವ ಹೊತ್ತಿಗೆ ಹೋಗಿ. ಸಂತೆಯ ದಿನ ಹೋಗಿ. ರಾತ್ರಿ ಎಂಟರ ಮೇಲೆ, ಎದುರಿನ ಹೆಡ್‌ಲೈಟ್ ಕಣ್ಣಿಗೆ ಹೊಡೆಯುವಾಗ ಹೋಗಿ. ಮಂಡ್ಯದ ಕಡೆ ಅಥವಾ ಬೆಳಗಾವಿ ಕಡೆ ಆದರೆ ಕಬ್ಬು ಸಾಗಿಸುವ ಕಾಲದಲ್ಲಿ ಹೋಗಿ. ಹಿಂದೆ ಒಂದು ದೀಪ ಇರಲಿ, ರೇಡಿಯಂ ಪಟ್ಟಿಯೂ ಇಲ್ಲದ ಎರಡು ಟ್ರೈಲರ್ ಎಳೆದುಕೊಂಡು ಟ್ರ್ಯಾಕ್ಟರ್ ಹೋಗುವಾಗ ರಸ್ತೆಯ ಗುಣ ಬೇರೆಯೇ ಆಗಿರುತ್ತದೆ. ಹಳೇ ಮೈಸೂರು ಭಾಗದಲ್ಲಿ ಸುಗ್ಗಿಯ ಹೊತ್ತಿಗೆ ರಸ್ತೆಯೇ ಕಣ. ಹುರುಳಿ, ರಾಗಿ ಹರಡಿರುತ್ತಾರೆ. ಬೈಕು ಜಾರುತ್ತದೆ. ರೈತರಿಗೆ ದಂಡ ಹಾಕಿ ಅನ್ನುವವರಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಆ ಊರಲ್ಲಿ ಒಕ್ಕಣೆ ಕಣ ಇಲ್ಲ ಅನ್ನುವುದನ್ನೂ ಸುರಕ್ಷತೆಯ ವರದಿಯಲ್ಲಿ ಬರೆಯಬೇಕು. ಪಂಚಾಯ್ತಿ ಒಂದು ಕಣ ಮಾಡಿಕೊಟ್ಟರೆ ಆ ಎರಡು ಕಿಲೋಮೀಟರ್ ರಸ್ತೆ ಸರಿಹೋಗುತ್ತದೆ.

ಇನ್ನು ಏನು ನೋಡಬೇಕು? ನಡೆದುಕೊಂಡು ಹೋದರೆ ರಸ್ತೆಯೇ ತೋರಿಸುತ್ತದೆ. ಡಾಂಬರಿನ ಅಂಚು ನೋಡಿ. ಪ್ರತಿ ಸಲ ಹೊಸ ಪದರ ಹಾಕುತ್ತಾರೆ, ಪಕ್ಕದ ಮಣ್ಣನ್ನು ಏರಿಸುವುದಿಲ್ಲ. ನಾಲ್ಕೈದು ಪದರ ಆದ ಮೇಲೆ ಅಂಚಿನಲ್ಲಿ ಗೇಣುದ್ದದ ಮೆಟ್ಟಿಲು. ಬಸ್ಸಿಗೆ ದಾರಿ ಬಿಡಲು ಕೆಳಗಿಳಿದ ಬೈಕಿನವನು ಮತ್ತೆ ಮೇಲೆ ಹತ್ತುವಾಗ ಚಕ್ರ ಅಂಚಿಗೆ ಸಿಕ್ಕಿ ಬೀಳುತ್ತಾನೆ. ಎಫ್‌ಐಆರಿನಲ್ಲಿ ಏನು ಬರುತ್ತದೆ? ಅದೇ ಸಾಲು. ಮೋರಿಗಳನ್ನು ನೋಡಿ. ರಸ್ತೆ ಅಗಲ ಆಗಿರುತ್ತದೆ, ಮೋರಿ ಹಳೆಯದೇ ಉಳಿದಿರುತ್ತದೆ. ಅದರ ಕಟ್ಟೆ ನೇರವಾಗಿ ಗಾಡಿಯ ದಾರಿಗೇ ಎದುರಾಗಿ ನಿಂತಿರುತ್ತದೆ. ಕಬ್ಬಿಣದ ಕ್ರಾಶ್ ಬ್ಯಾರಿಯರ್ ಎಲ್ಲಿ ಶುರುವಾಗುತ್ತದೆ ಅಂತ ನೋಡಿ. ಅದರ ತುದಿಯನ್ನು ಹೊರಕ್ಕೆ ತಿರುಗಿಸಿ ಭದ್ರ ಮಾಡಿರಬೇಕು, ಅಥವಾ ಪೆಟ್ಟನ್ನು ಹೀರುವ ತುದಿ ಹಾಕಿರಬೇಕು. ಸುಮ್ನೆ ಕತ್ತರಿಸಿ ಬಿಟ್ಟಿದ್ದರೆ ಆ ತಗಡು ಗುದ್ದಿದ ಕಾರಿನ ಒಳಕ್ಕೇ ನುಗ್ಗುತ್ತದೆ. ಕಾಪಾಡಲು ಹಾಕಿದ ವಸ್ತುವೇ ಕೊಲ್ಲುತ್ತದೆ.

ಡಿವೈಡರಿನಲ್ಲಿ ಯಾರೋ ಒಡೆದ ಸಂದು ಕಂಡರೆ ಅಲ್ಲಿ ನಿಲ್ಲಿ. ಬೈಯುವುದು ಬೇಡ, ಮೊದಲು ನಿಂತು ನೋಡಿ. ಆ ಕಡೆ ಊರು, ಈ ಕಡೆ ಹೊಲ. ಸರಿಯಾದ ಯೂ ಟರ್ನ್ ಎರಡು ಕಿಲೋಮೀಟರ್ ಆಚೆ. ಹುಲ್ಲಿನ ಹೊರೆ ಹೊತ್ತ ಹೆಂಗಸು ಹೋಗಿ ಬರಲು ನಾಲ್ಕು ಕಿಲೋಮೀಟರ್ ನಡೆಯುತ್ತಾರೆಯೇ? ಆ ಸಂದು ಮುಚ್ಚಿದರೆ ನೂರು ಮೀಟರ್ ಆಚೆ ಇನ್ನೊಂದು ಆಗುತ್ತದೆ. ಜನ ಎಲ್ಲಿ ದಾಟುತ್ತಿದ್ದಾರೋ ಅಲ್ಲೇ ಸುರಕ್ಷಿತವಾಗಿ ದಾಟುವ ವ್ಯವಸ್ಥೆ ಮಾಡುವುದೇ ಸರಿಯಾದ ದಾರಿ.

ಮರಗಳ ಮಾತು ಇಲ್ಲಿ ಹೇಳಲೇಬೇಕು. ಆಡಿಟ್ ವರದಿಗಳಲ್ಲಿ ‘ರಸ್ತೆ ಬದಿಯ ಮರ ತೆಗೆಯಿರಿ’ ಅಂತ ಬರೆಯುವುದು ಬಹಳ ಸುಲಭ. ಮರಕ್ಕೆ ಗುದ್ದಿದ ಕಾರು ನುಜ್ಜಾಗುತ್ತದೆ, ಅದು ನಿಜ. ಆದರೆ ಇದು ಸಾಲುಮರದ ತಿಮ್ಮಕ್ಕನ ನಾಡು. ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಅವರೂ ಅವರ ಗಂಡನೂ ಸೇರಿ ಆಲದ ಮರ ಬೆಳೆಸಿದರು. ಇಂಥ ರಸ್ತೆಯಲ್ಲಿ ಮರ ಉಳಿಸಿ ವೇಗ ಇಳಿಸಬೇಕು. ತಿರುವಿನ ಹೊರಬದಿಯ ಮರಗಳ ಮುಂದೆ ಬ್ಯಾರಿಯರ್ ಹಾಕಬಹುದು. ಕಾಂಡಕ್ಕೆ ಪ್ರತಿಫಲಕ ಕಟ್ಟಬಹುದು. ಕೊಡಲಿ ಎತ್ತುವ ಮೊದಲು ಇಷ್ಟನ್ನು ಮಾಡಿ ನೋಡಿದವರು ಎಷ್ಟು ಜನ ಇದ್ದಾರೆ?

ಮೂರನೆಯದು, ಸ್ವಲ್ಪದರಲ್ಲೇ ತಪ್ಪಿದ ಅಪಘಾತಗಳನ್ನು ಎಣಿಸುವುದು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯಲ್ಲಿ ಇದು ಶುರುವಾಯಿತು. ಆಮೇಲೆ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಚೆನ್ನಾಗಿ ಬೆಳೆಸಿದರು. ತರ್ಕ ಸರಳ. ಒಂದು ಕ್ರಾಸಿನಲ್ಲಿ ವರ್ಷಕ್ಕೆ ಒಂದೋ ಎರಡೋ ದೊಡ್ಡ ಅಪಘಾತ ಆಗಬಹುದು. ಆದರೆ ‘ಅಯ್ಯೋ, ಸ್ವಲ್ಪದರಲ್ಲಿ ಉಳಿದ’ ಅನ್ನುವ ಗಳಿಗೆ ದಿನಕ್ಕೆ ಎಷ್ಟೋ ಸಲ ಬರುತ್ತದೆ. ಜೋರಾಗಿ ಬ್ರೇಕ್ ಹಾಕಿದ್ದು, ಪಕ್ಕಕ್ಕೆ ಎಳೆದದ್ದು, ದಾಟುತ್ತಿದ್ದವರು ಹಿಂದಕ್ಕೆ ಓಡಿದ್ದು. ಇವನ್ನು ಎಣಿಸಿದರೆ ಯಾವ ತಿರುಗುವಿಕೆ ಅಪಾಯದ್ದು ಅಂತ ಕೆಲವೇ ದಿನದಲ್ಲಿ ಗೊತ್ತಾಗುತ್ತದೆ. ಯಾರೂ ಸಾಯಬೇಕಿಲ್ಲ. ಎತ್ತರದ ಮಹಡಿಯೊಂದರಿಂದ ವಿಡಿಯೋ ತೆಗೆದರೂ ಆಗುತ್ತದೆ. ಒಂದು ಗಾಡಿ ಬಿಟ್ಟ ಜಾಗಕ್ಕೆ ಇನ್ನೊಂದು ಎಷ್ಟು ಸೆಕೆಂಡಿನಲ್ಲಿ ಬಂತು ಅಂತ ಅಳೆಯುತ್ತಾರೆ. ಒಂದೂವರೆ ಸೆಕೆಂಡಿಗಿಂತ ಕಡಿಮೆ ಇದ್ದರೆ ಅದು ಗಂಭೀರ. ಇಲ್ಲಿ ಸಿವಿಲ್ ಓದುತ್ತಿರುವ ವಿದ್ಯಾರ್ಥಿಗಳಿದ್ದೀರಿ. ನಿಮ್ಮ ಕಾಲೇಜಿನ ಮುಂದಿನ ಸರ್ಕಲ್ಲಿನಲ್ಲೇ ಇದನ್ನು ಮಾಡಬಹುದು. ಪ್ರಾಜೆಕ್ಟಿಗೆ ಬೇರೆ ವಿಷಯ ಹುಡುಕಬೇಕಾಗಿಲ್ಲ.

ಇದರ ಜೊತೆಗೆ ವೇಗ ಅಳೆಯಲೇಬೇಕು. ಬೋರ್ಡಿನಲ್ಲಿ 40 ಅಂತ ಇರುವುದು ಮುಖ್ಯ ಅಲ್ಲ, ಜನ ಎಷ್ಟರಲ್ಲಿ ಹೋಗುತ್ತಿದ್ದಾರೆ ಅನ್ನುವುದು ಮುಖ್ಯ. ಒಂದು ಚಿಕ್ಕ ಲೆಕ್ಕ ಮಾಡೋಣ. ಮಗು ಅಡ್ಡ ಬಂದದ್ದು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳಿ. ಒಣಗಿದ ರಸ್ತೆ, ಒಳ್ಳೆಯ ಬ್ರೇಕ್. 30ರಲ್ಲಿ ಬರುತ್ತಿದ್ದ ಕಾರು ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ. 50ರಲ್ಲಿ ಬರುತ್ತಿದ್ದರೆ ಸುಮಾರು 28 ಮೀಟರ್ ಬೇಕು. ಅಂದರೆ 13 ಮೀಟರ್ ದೂರದಲ್ಲಿ ಮಗು ಇದ್ದರೆ, 50ರ ಕಾರಿನವನು ಬ್ರೇಕ್ ಮೇಲೆ ಕಾಲಿಡುವ ಹೊತ್ತಿಗೆ ಪೂರ್ತಿ ವೇಗದಲ್ಲೇ ಮಗುವಿಗೆ ಗುದ್ದಿರುತ್ತಾನೆ. ಊರೊಳಗೆ 30 ಬೇಕು ಅಂತ ನಾವು ಹಠ ಮಾಡುವುದು ಇದಕ್ಕೇ.

ನಾಲ್ಕನೆಯದು ಸ್ಟಾರ್ ರೇಟಿಂಗ್. ಐರ್‍ಯಾಪ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ ಇದನ್ನು ಮಾಡುತ್ತದೆ. ಕ್ಯಾಮೆರಾ ಕಟ್ಟಿದ ಗಾಡಿ ರಸ್ತೆಯ ಉದ್ದಕ್ಕೂ ಹೋಗುತ್ತದೆ. ಪ್ರತಿ 100 ಮೀಟರಿಗೂ ಲೇನಿನ ಅಗಲ, ತಿರುವು, ಅಂಚು, ಪಾದಚಾರಿ ದಾರಿ, ಪಕ್ಕದಲ್ಲಿರುವ ಕಂಬ, ಮರ ಹೀಗೆ ಹತ್ತಾರು ಅಂಶ ಗುರುತು ಹಾಕುತ್ತಾರೆ. ಕೊನೆಗೆ ಒಂದರಿಂದ ಐದರವರೆಗೆ ಸ್ಟಾರ್. ಒಂದು ಅಂದರೆ ಅತಿ ಅಪಾಯ. ನನಗೆ ಇದರಲ್ಲಿ ತುಂಬ ಇಷ್ಟವಾದದ್ದು, ಕಾರಿನವರಿಗೆ ಬೇರೆ, ಬೈಕಿನವರಿಗೆ ಬೇರೆ, ಸೈಕಲ್ಲಿನವರಿಗೆ ಬೇರೆ, ನಡೆಯುವವರಿಗೆ ಬೇರೆ ಸ್ಟಾರ್ ಕೊಡುತ್ತಾರೆ. ಒಂದೇ ರಸ್ತೆ ಕಾರಿಗೆ ಮೂರು ಸ್ಟಾರ್, ನಡೆಯುವವರಿಗೆ ಒಂದೇ ಸ್ಟಾರ್ ಆಗಿರಬಹುದು. 2022ರಲ್ಲಿ ನಮ್ಮ ರಸ್ತೆಗಳಲ್ಲಿ ಸತ್ತವರಲ್ಲಿ ನೂರಕ್ಕೆ 44 ಜನ ದ್ವಿಚಕ್ರದವರು, ಇನ್ನು 19 ಜನ ನಡೆಯುವವರು. ಯಾರ ಸ್ಟಾರ್ ಮೊದಲು ನೋಡಬೇಕು ಅಂತ ನೀವೇ ಹೇಳಿ.

ಇದು ವಿದೇಶದ ಕಥೆ ಅಂದುಕೊಳ್ಳಬೇಡಿ. ಬೆಳಗಾವಿಯಿಂದ ಯರಗಟ್ಟಿಗೆ ಹೋಗುವ ರಾಜ್ಯ ಹೆದ್ದಾರಿ 20ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಇದನ್ನೇ ಮಾಡಿದರು. ಸುಮಾರು 60 ಕಿಲೋಮೀಟರ್. ಅಪಾಯ ಅಳೆದು, ಕ್ರಾಸುಗಳನ್ನು ಸರಿಮಾಡಿದರು. ಊರೊಳಗೆ ನಡೆಯುವವರಿಗೆ ದಾರಿ, ಬಸ್ಸು ನಿಲ್ಲಲು ಜಾಗ, ಬೋರ್ಡು, ಬ್ಯಾರಿಯರ್ ಹಾಕಿದರು. ಲೋಕೋಪಯೋಗಿ, ಪೊಲೀಸ್, ಸಾರಿಗೆ, ಆರೋಗ್ಯ ಇಲಾಖೆಗಳು ಒಟ್ಟಿಗೆ ಕೂತವು. ಕೆಲವೇ ವರ್ಷದಲ್ಲಿ ಸಾವಿನ ಅಪಘಾತ ಅರ್ಧಕ್ಕಿಂತ ಜಾಸ್ತಿ ಕಡಿಮೆಯಾದವು. ಅದೇ ಜನ, ಅದೇ ಡ್ರೈವರುಗಳು. ನಮ್ಮ ಜನಕ್ಕೆ ಶಿಸ್ತಿಲ್ಲ, ಏನು ಮಾಡಿದರೂ ಅಷ್ಟೇ ಅನ್ನುವವರಿಗೆ ನಾನು ಬೆಳಗಾವಿ–ಯರಗಟ್ಟಿಯನ್ನು ತೋರಿಸುತ್ತೇನೆ.

ಅಗಲ ಮಾಡದೆಯೂ ಎಷ್ಟು ಸಾಧ್ಯ ಅನ್ನುವುದಕ್ಕೆ ಸ್ವೀಡನ್ ನೋಡಬೇಕು. ಅಲ್ಲಿ 13 ಮೀಟರ್ ಅಗಲದ ಹಳೆಯ ರಸ್ತೆಗಳು ಬಹಳ ಇದ್ದವು. ಮಧ್ಯೆ ತಡೆ ಇಲ್ಲ, ಎದುರುಬದುರು ಡಿಕ್ಕಿ. 1998ರಲ್ಲಿ ಯೆವ್ಲೆ ಅನ್ನುವ ಊರಿನ ಹತ್ತಿರ ಇ4 ಹೆದ್ದಾರಿಯಲ್ಲಿ ಅದೇ ಅಗಲವನ್ನು ಮೂರು ಲೇನ್ ಮಾಡಿ, ನಡುವೆ ತಂತಿಯ ಬ್ಯಾರಿಯರ್ ಎಳೆದರು. ಒಂದು ಕಡೆಗೆ ಎರಡು ಲೇನ್, ಇನ್ನೊಂದು ಕಡೆಗೆ ಒಂದು. ಕೆಲವು ದೂರ ಆದ ಮೇಲೆ ಅದಲು ಬದಲು. ಇಂಥ ರಸ್ತೆಗಳಲ್ಲಿ ಸಾವು ಮುಕ್ಕಾಲು ಪಾಲು ಇಳಿದವು. ಇದನ್ನು ಹಾಗೇ ಇಲ್ಲಿಗೆ ತರಲಾಗುವುದಿಲ್ಲ. ನಮ್ಮ ರಸ್ತೆಯಲ್ಲಿ ಎತ್ತಿನಗಾಡಿಯೂ ಇದೆ, ಆಟೋವೂ ಇದೆ. ಆದರೆ ಇರುವ ಅಗಲವನ್ನೇ ಬೇರೆ ಥರ ಹಂಚಿಕೊಳ್ಳಬಹುದು ಅನ್ನುವ ಪಾಠ ನಮಗೂ ಬೇಕು.

ಬೆಂಗಳೂರು–ಮೈಸೂರು ಹೆದ್ದಾರಿಗೆ ಬರೋಣ, ಎಲ್ಲರೂ ಅದನ್ನು ಕೇಳುತ್ತಾರೆ. 118 ಕಿಲೋಮೀಟರ್, 2023ರ ಮಾರ್ಚ್ 12ರಂದು ಉದ್ಘಾಟನೆ. ಅಗಲವಾದ, ನುಣುಪಾದ, ನೇರವಾದ ರಸ್ತೆ. ಆದರೆ ಅದೇ ರಸ್ತೆಯಲ್ಲಿ ಬೈಕು, ಟ್ರ್ಯಾಕ್ಟರ್ ಹೋಗುತ್ತಿದ್ದವು. ಜನ ಬೇಲಿ ದಾಟುತ್ತಿದ್ದರು. 100ರಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 28 ಮೀಟರ್ ಹೋಗುತ್ತದೆ, ಅದರ ಮುಂದೆ 40ರಲ್ಲಿ ಹೋಗುವ ಮೊಪೆಡ್. ಸಾವುಗಳು ಹೆಚ್ಚಾದವು. 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ, ಆಟೋ, ಟ್ರ್ಯಾಕ್ಟರ್ ನಿಷೇಧ ಆಯಿತು. ಪೊಲೀಸರು ವೇಗ ಹಿಡಿಯಲು ನಿಂತರು, ಕ್ಯಾಮೆರಾ ಬಂದವು. ಪೊಲೀಸರ ಲೆಕ್ಕದಲ್ಲಿ 2023ರಲ್ಲಿ 188 ಜನ ಸತ್ತಿದ್ದರು, 2024ರಲ್ಲಿ 50. ಇದು ದೊಡ್ಡ ಕೆಲಸ, ಮಾಡಿದವರನ್ನು ಮೆಚ್ಚಲೇಬೇಕು. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಬೇಕು. ಆ ಬೈಕುಗಳೆಲ್ಲ ಎಲ್ಲಿಗೆ ಹೋದವು? ಸರ್ವಿಸ್ ರಸ್ತೆಗೆ. ಅಲ್ಲಿ ಎರಡೂ ದಿಕ್ಕಿನ ಗಾಡಿ, ಊರಿನ ಜನ, ಬಸ್ಸು. ಹಾಗಾಗಿ ಸರ್ವಿಸ್ ರಸ್ತೆಯ ಸಾವನ್ನೂ ಅದೇ ಲೆಕ್ಕದಲ್ಲಿ ಹಾಕಿ ನೋಡಿದರೆ ಮಾತ್ರ ಪೂರ್ತಿ ಉತ್ತರ ಸಿಗುತ್ತದೆ.

ಫಲಿತಾಂಶ ಅಳೆಯುವುದರಲ್ಲಿ ಇನ್ನೊಂದು ಎಚ್ಚರ ಬೇಕು. ಚೌಕಾಬಾರ ಆಡುವಾಗ ಒಬ್ಬರಿಗೆ ಎರಡು ಸಲ ಸಾಲಾಗಿ ಬಾರ ಬಿತ್ತು ಅಂದುಕೊಳ್ಳಿ. ಮೂರನೆಯ ಸಲ ಕಡಿಮೆ ಬೀಳುವ ಸಾಧ್ಯತೆಯೇ ಜಾಸ್ತಿ. ಕವಡೆಗೆ ಯಾರೂ ಏನೂ ಮಾಡಿರುವುದಿಲ್ಲ. ಅಪಘಾತದ ಸಂಖ್ಯೆಯೂ ವರ್ಷದಿಂದ ವರ್ಷಕ್ಕೆ ಹೀಗೇ ಏರಿಳಿಯುತ್ತದೆ. ನಾವು ಜಾಗ ಆರಿಸುವುದೇ ಸಂಖ್ಯೆ ಏರಿದ ವರ್ಷದಲ್ಲಿ. ಮರುವರ್ಷ ಅದು ತಾನಾಗಿಯೇ ಒಂದಿಷ್ಟು ಇಳಿಯುತ್ತದೆ. ಆ ಹೊತ್ತಿಗೆ ಅಲ್ಲಿ ಒಂದು ಹಳದಿ ದೀಪ ನೆಟ್ಟಿದ್ದರೆ, ದೀಪದಿಂದಲೇ ಇಳಿಯಿತು ಅಂದುಕೊಳ್ಳುತ್ತೇವೆ. ಆಮೇಲೆ ಕೆಲಸಕ್ಕೆ ಬಾರದ ದೀಪವನ್ನೇ ಜಿಲ್ಲೆಯ ತುಂಬ ಹಾಕುತ್ತೇವೆ. ಅದಕ್ಕೇ ಮೊದಲಿನ ಮೂರು ವರ್ಷ, ಆಮೇಲಿನ ಮೂರು ವರ್ಷ ನೋಡಬೇಕು. ಏನೂ ಮಾಡದ, ಅಂಥದ್ದೇ ಇನ್ನೊಂದು ರಸ್ತೆಯ ಜೊತೆ ಹೋಲಿಸಬೇಕು. ಮೂರು ವರ್ಷ ಕಾಯುವುದು ಕಷ್ಟ ಅಂದರೆ ವೇಗ ಅಳೆಯಿರಿ, ತಪ್ಪಿದ ಅಪಘಾತ ಎಣಿಸಿ. ಕೆಲಸ ಮುಗಿದ ಮರುವಾರವೇ ಫಲ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಒಂದು ಚೀಟಿ ಬಂದಿದೆ: ‘ನಮ್ಮೂರ ಶಾಲೆಯ ಮುಂದೆ ಹಂಪ್ ಹಾಕಿಸಬೇಕು, ಯಾರನ್ನು ಕೇಳುವುದು?’ ಒಳ್ಳೆಯ ಪ್ರಶ್ನೆ. ಅಪಘಾತ ಆದ ರಾತ್ರಿಯೇ ಊರವರು ಸೇರಿ ಕಾಂಕ್ರೀಟ್ ಸುರಿಯುವುದನ್ನು ಎಲ್ಲರೂ ನೋಡಿದ್ದೇವೆ. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಬಣ್ಣ ಇಲ್ಲದ, ಬೋರ್ಡ್ ಇಲ್ಲದ, ಮೊಣಕಾಲೆತ್ತರದ ಆ ದಿಬ್ಬ ಇನ್ನೊಬ್ಬ ಬೈಕಿನವನನ್ನು ಕೊಲ್ಲುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ದುಂಡು ಹಂಪಿನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. 25ರ ವೇಗದಲ್ಲಿ ಆರಾಮವಾಗಿ ದಾಟಬಹುದು. ಮೊದಲೇ ಬೋರ್ಡ್ ಇರಬೇಕು, ಮೇಲೆ ಬಿಳಿ ಪಟ್ಟೆ ಇರಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ಹಂಪಿಗೆ ಒಪ್ಪುವುದಿಲ್ಲ, ಅಲ್ಲಿ ಬೇರೆ ಉಪಾಯ ಕೇಳಬೇಕಾಗುತ್ತದೆ.

ಕೇಳಬೇಕಾದದ್ದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯನ್ನು. ಮೋಟಾರು ವಾಹನ ಕಾಯ್ದೆಯ 215ನೇ ಕಲಮಿನಲ್ಲೇ ಇಂಥ ಸಮಿತಿಗೆ ಅವಕಾಶ ಇದೆ. ಪೊಲೀಸ್, ಸಾರಿಗೆ, ಲೋಕೋಪಯೋಗಿ ಎಲ್ಲರೂ ಅಲ್ಲಿ ಸಿಗುತ್ತಾರೆ. 2019ರ ತಿದ್ದುಪಡಿಯಲ್ಲಿ 198ಎ ಅನ್ನುವ ಕಲಮೂ ಸೇರಿದೆ. ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವೋ ಅಂಗವೈಕಲ್ಯವೋ ಆದರೆ ಹೊಣೆ ಹೊತ್ತವರಿಗೆ 1 ಲಕ್ಷ ರೂಪಾಯಿಯವರೆಗೆ ದಂಡ. ಅರ್ಜಿಯಲ್ಲಿ ‘ಹಂಪ್ ಹಾಕಿಸಿಕೊಡಿ’ ಅಂತ ಮಾತ್ರ ಬರೆಯಬೇಡಿ. ಮಕ್ಕಳು ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ, ಎಷ್ಟು ಜನ ದಾಟುತ್ತಾರೆ ಅಂತ ಎಣಿಸಿ ಬರೆಯಿರಿ. ಫೋಟೋ ಹಚ್ಚಿ. ಠಾಣೆಯಿಂದ ಮೂರು ವರ್ಷದ ಅಪಘಾತದ ಪಟ್ಟಿ ಕೇಳಿ ಪಡೆಯಿರಿ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಕೆಲಸ ಶುರುವಾಗುವ ಮೊದಲು ಒಂದು ಸಲ, ಮುಗಿದ ಮೇಲೆ ಒಂದು ಸಲ ಗಾಡಿಗಳ ವೇಗ ಅಳೆದು ಎರಡನ್ನೂ ಶಾಲೆಗೆ ಲಿಖಿತವಾಗಿ ಕೊಡಬೇಕು ಅಂತಲೂ ಅದೇ ಅರ್ಜಿಯಲ್ಲಿ ಕೇಳಿ.